ತೇಜಾನ್ ಹಿಡಿದ ಮುಖ

೨೭ ಅಕ್ಟೋಬರ್ ೨೦೨೫, ಸೋಮವಾರ

ಓಬಳಪ್ಪ ಹೊಸ ಫೋನು ತಗೊಂಡ. ಝೂರಿಕೊ.

ಸಂಜೆ ನಾನು ಅಜ್ಜಂಪುರ ಸ್ಟೇಷನ್ನಿನ ಕಲ್ಲುಬೆಂಚಿಗೆ ಹೋಗುವ ಹೊತ್ತಿಗೆ ಆಗಲೇ ಅವನ ಸುತ್ತ ಪೆನ್ಷನ್ನಿನವರೆಲ್ಲ ನೆರೆದಿದ್ದರು. ಬೆನ್ನಿನ ಮೇಲೆ ಮೂರು ಕಣ್ಣಿರುವ ಫೋನು. ಮೂರು ಯಾಕೋ ಎಂದೆ. “ಒಂದು ನಿನ್ನ ನೋಡಾಕೆ, ಒಂದು ನಿನ್ ಹೊಟ್ಟೇಲಿ ಏನು ಉರೀತೈತೆ ಅಂತ ನೋಡಾಕೆ, ಇನ್ನೊಂದು ಸ್ಪೇರು ಕಣೋ ತಿಮ್ಮಣ್ಣ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಚೆನ್ನಾಗಿರುವುದಿಲ್ಲ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ಅವನು. ಸೀಟಿ ಊದಿದರೆ ಜನ ಸೇರುತ್ತಾರೆ ಎಂಬ ಅಭ್ಯಾಸ ಇನ್ನೂ ಹೋಗಿಲ್ಲ.

ನನ್ನದು ತೇಜಾನ್. ಬಸ್‌ಸ್ಟ್ಯಾಂಡಿನ ಕನಕರಾಜುವಿನ ಅಂಗಡಿಯಲ್ಲಿ ತಗೊಂಡಿದ್ದು. ಆಗ ಮಾರ್ಕೆಟ್ ಶೇರ್‌ನಲ್ಲಿ ತೇಜಾನ್ ಫಸ್ಟ್ ಎಂದು ಪೇಪರಿನಲ್ಲಿ ಬಂದಿತ್ತು, ಅದನ್ನು ಕತ್ತರಿಸಿ ಹೆಂಡತಿ ಭುವನಾಗೆ ತೋರಿಸಿದ್ದೆ. ಈಗ ನಾಲ್ಕನೆಯದಂತೆ. ಬರುವಾಗ ನೋಡಿದೆ, ಕನಕರಾಜು ಅಂಗಡಿಯ ನೀಲಿ ಬೋರ್ಡು ಕೀಳಿಸಿ ಕಿತ್ತಳೆ ಬಣ್ಣದ ಝೂರಿಕೊ ಬೋರ್ಡು ಹಾಕಿಸಿದ್ದಾನೆ. ಕೇಳಿದರೆ, “ಯಾರು ಮಾರ್ಜಿನ್ ಕೊಡ್ತಾರೋ ಅವ್ರ ಬೋರ್ಡು ಸಾರ್, ನಂಗೇನು ಅವ್ರು ನೆಂಟ್ರಾ” ಎಂದ.

ಇಂಥದ್ದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಭುವನಾಗೆ ಹೇಳುತ್ತಿದ್ದೆ. ಅವಳು ಅರ್ಧ ಕೇಳುತ್ತಿದ್ದಳು, ಅರ್ಧ ಪಾತ್ರೆ ಎತ್ತಿಡುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಅದೂ ಇಲ್ಲ. ಮಗ ಮೋಹನ, ಸೊಸೆ ಮಧುಶ್ರೀ ಮನೆಯಲ್ಲೇ ಇದ್ದಾರೆ, ಒಳ್ಳೆಯವರೇ, ಆದರೆ ಅವರಿಗೆ ಮಾರ್ಕೆಟ್ ಶೇರ್ ಹೇಳಿಕೊಂಡು ಕೂರಲಾಗುತ್ತದೆಯೇ. ಅದಕ್ಕೇ ಇಲ್ಲಿ ಬರೆಯುವುದು.

೨ ನವೆಂಬರ್, ಭಾನುವಾರ

ನವೆಂಬರ್ ನನ್ನ ತಿಂಗಳು. ಪೆನ್ಷನ್ನಿನವರು ಬದುಕಿದ್ದೇವೆ ಎಂದು ಸರ್ಕಾರಕ್ಕೆ ತೋರಿಸಬೇಕಾದ ತಿಂಗಳು. ಲೈಫ್ ಸರ್ಟಿಫಿಕೇಟು. ಮೊದಲು ಖಜಾನೆ ಬಾಗಿಲಲ್ಲಿ ಸಾಲು ನಿಲ್ಲಬೇಕಿತ್ತು. ಈಗ ಫೋನಿನ ಮುಂದೆ ಮುಖ ಹಿಡಿದು ಕಣ್ಣು ಮಿಟುಕಿಸಿದರೆ ಆಯಿತು, ಸುತ್ತಲಿನ ವೃತ್ತ ಹಸಿರಾಗುತ್ತದೆ. ಈ ಊರಿನಲ್ಲಿ ಇದನ್ನು ಮೊದಲು ಕಲಿತವನು ನಾನು. ತರೀಕೆರೆ ತಾಲ್ಲೂಕು ಕಚೇರಿಯಲ್ಲಿ, ಹಳಬರು ಈಗಲೂ ಅಮಲ್ದಾರ್ ಕಚೇರಿ ಎನ್ನುತ್ತಾರೆ, ಸರ್ವಿಸ್ ಪೂರ್ತಿ ಜನರ ಖಾತೆ ಬದಲಾಯಿಸಿದವನಿಗೆ ಇದು ಯಾವ ಮಹಾ. ನಾನು ರಿಟೈರ್ ಆದ ಮೇಲೆ ಅಜ್ಜಂಪುರವೇ ತಾಲ್ಲೂಕು ಆಯಿತು. ಅಲ್ಲಿಯತನಕ ದಿನಾ ತರೀಕೆರೆಗೆ ಬಸ್ಸಿನಲ್ಲಿ ಅಲೆದವನು ನಾನು, ಈಗ ಮನೆ ಪಕ್ಕದ ಕಚೇರಿಗೆ ನಡೆದು ಹೋಗುವವರು ಯಾರೋ. ಇರಲಿ.

ಎರಡು ವರ್ಷದಿಂದ ನವೆಂಬರ್ ಬಂದರೆ ಜನ ನನ್ನ ಮನೆಗೇ ಬರುತ್ತಾರೆ. ಹಾಲ್‌ನ ಮೂಲೆಯಲ್ಲಿ ಕುರ್ಚಿ ಹಾಕುತ್ತೇನೆ, ನಮ್ಮ ಮನೆಯಲ್ಲಿ ಟವರ್ ಸಿಗುವುದು ಅಲ್ಲಿ ಮಾತ್ರ. ಕೂತವರ ಬೆನ್ನ ಹಿಂದೆ ಭುವನಾ ನನ್ನ ಬಿಳಿ ಪಂಚೆ ಅಗಲಿಸಿ ಹಿಡಿದು ನಿಲ್ಲುತ್ತಿದ್ದಳು. ಗೋಡೆ ಎಣ್ಣೆಕಲೆಯಾಗಿತ್ತು, ಬಂದವರು ಏನಂದುಕೊಳ್ಳುತ್ತಾರೋ ಎಂಬ ನಾಚಿಕೆ ಅವಳಿಗೆ. ಫೋಟೋಗಲ್ಲ ಕಣೇ ಎಂದರೂ ಕೇಳುತ್ತಿರಲಿಲ್ಲ. ಈಗ ಆಷಾಢದಲ್ಲಿ ಸುಣ್ಣ ಹೊಡೆಸಿದ್ದಾಗಿದೆ, ಪಂಚೆಯ ಅಗತ್ಯವಿಲ್ಲ.

ಇವತ್ತು ಹಾಲ್ ಗುಡಿಸಿ, ಕುರ್ಚಿ ಹಾಕಿ, ಮೋಹನ ತರೀಕೆರೆ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದ ಅವಳ ಪಟದ ಗಾಜು ಒರೆಸಿ, ಗಂಧದ ಹಾರ ಸರಿ ಮಾಡಿದೆ. ಫೋನಿನ ಗಾಜನ್ನೂ ಒರೆಸಿದೆ. ಮಳೆಗಾಲದಲ್ಲಿ ಬಚ್ಚಲ ಹತ್ತಿರ ಬಿದ್ದು ಅದರ ಕೆಳಭಾಗ ಎರಡು ಬೆರಳಗಲ ಕಪ್ಪಾಗಿದೆ. ಅಲ್ಲಿ ಏನು ಬಂದರೂ ಕಾಣುವುದಿಲ್ಲ, ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ. ನನಗೆ ಬೆರಳಿಗೇ ಅಭ್ಯಾಸವಾಗಿದೆ. ಯಾರಿಗೂ ಹೇಳಿಲ್ಲ. ಓಬಳಪ್ಪನಿಗಂತೂ ತಿಳಿಯಬಾರದು.

೪ ನವೆಂಬರ್, ಮಂಗಳವಾರ

ಬೋಣಿ ಕೆಟ್ಟಿತು.

ಚೌಳಹಿರಿಯೂರಿನಿಂದ ಈರಪ್ಪ ಬಂದಿದ್ದ. ಕೆಮ್ಮಣ್ಣುಗುಂಡಿ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದವನು, ಮುಖದ ತುಂಬ ಮೀಸೆ. ಹೋದ ವರ್ಷ ಮೀಸೆ ಸಮೇತ ಒಂದೇ ಏಟಿಗೆ ಆಗಿತ್ತು. ಇವತ್ತು ಕೂರಿಸಿ ಫೋನು ಹಿಡಿದರೆ ವೃತ್ತ ಕೆಂಪು. ಮತ್ತೆ ಹಿಡಿದೆ, ಕೆಂಪು. ಕಿಟಕಿ ತೆರೆದೆ, ಲೈಟು ಹಾಕಿದೆ, ಮೀಸೆ ಕೆಳಕ್ಕೆ ಇಳಿಸಿ ಕೂರಲು ಹೇಳಿದೆ. ಕೆಂಪು.

“ಏನಂತೈತೆ ಸಾಮಿ?” ಎಂದ.

“ಸರ್ವರ್ ಬಿಜಿ” ಎಂದೆ.

“ಸರ್ವರ್ರು ನನ್ನ ಮಕಾ ನೋಡಿ ಎದ್ರುಕೊಂಡನೇನೋ” ಎಂದು ನಗುತ್ತ ಎದ್ದ. ನಾಳೆ ಬಾ ಎಂದು ಕಳಿಸಿದೆ.

ಸಂಜೆ ಬೆಂಚಿನಲ್ಲಿ ಓಬಳಪ್ಪ ಹೇಳಿದ. “ನಿನ್ ಈರಪ್ಪ ಬಸ್ಸಿಗೆ ಕಾಯ್ತಾ ನಿಂತಿದ್ದ. ಕರ್ಕೊಂಡು ಹೋಗಿ ಕೂರಿಸ್ದೆ, ಟಕ್ ಅಂತ ಹಸಿರು ಬಂತು. ಆ ಆ್ಯಪು ನಾನೂ ಹಾಕಿಸ್ಕೊಂಡೆ ಕಣೋ. ನೀನೊಬ್ನೇ ಎಷ್ಟು ಜನಕ್ಕೆ ಅಂತ ಮಾಡ್ತೀಯ.”

ನನಗೆ ಸಹಾಯ ಮಾಡಿದ ಹಾಗೆ ಹೇಳಿದ. ಸಹಾಯ ಮಾಡುವವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಆದರೂ ಮಾಡಿಕೊಂಡೆ.

೬ ನವೆಂಬರ್, ಗುರುವಾರ

ಓಬಳಪ್ಪನ ಫೋನು ನೀರು ತುಂಬಿದ ಬಕೆಟ್ಟಿಗೆ ಬಿತ್ತಂತೆ. ಸುದ್ದಿ ಕೇಳಿದಾಗ ಕೆಡಲಿ ಎಂದು ನಾನು ಬೇಡಿಕೊಳ್ಳಲಿಲ್ಲ. ಆಂಜನೇಯನ ಗುಡಿಗೆ ಹೋಗಿದ್ದು ನಿಜ, ಅದು ಬೇರೆ ವಿಷಯ.

ಸಂಜೆ ನೋಡಿದರೆ ಫೋನು ಮೊದಲಿಗಿಂತ ಹೊಳೆಯುತ್ತಿದೆ. “ಸ್ನಾನ ಮಾಡ್ಸಿದಂಗಾಯ್ತು” ಎನ್ನುತ್ತಾನೆ.

೯ ನವೆಂಬರ್, ಭಾನುವಾರ

ಈ ವಾರ ನನ್ನ ಕುರ್ಚಿಯಲ್ಲಿ ಕೂತವರಿಗೆಲ್ಲ ಕೆಂಪೇ. ಒಬ್ಬರಿಗೂ ಹಸಿರು ಬರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಇಲ್ಲಿಂದೆದ್ದು ನೇರ ಓಬಳಪ್ಪನ ಮನೆಗೆ ಹೋದರು. ಇವತ್ತು ಆ ಬೀದಿಯಲ್ಲಿ ಹೋದೆ, ಅದೇ ಹತ್ತಿರದ ದಾರಿ ಎಂದಲ್ಲ. ಜಗುಲಿ ತುಂಬ ಚಪ್ಪಲಿ. ಒಳಗಿಂದ ಕಾಫಿ ವಾಸನೆ. ಕಿಟಕಿಯಲ್ಲಿ ಅವನ ಹೆಂಡತಿ ಹುಲಿಗೆಮ್ಮ ಬಿಳಿ ಪಂಚೆ ಅಗಲಿಸಿ ನಿಂತಿದ್ದು ಕಂಡಿತು. ಅದು ಭುವನಾ ಮಾಡುತ್ತಿದ್ದ ಕೆಲಸ. ನೋಡಿ ಕಲಿತಿದ್ದಾರೆ. ಫೋನು ಬೇಕಾದರೆ ಅಂಗಡಿಯಲ್ಲಿ ತಗೊಳ್ಳಲಿ, ಇದನ್ನೂ ಕಾಪಿ ಹೊಡೆಯಬೇಕೇ.

ಮನೆಗೆ ಬಂದು ತೇಜಾನನ್ನು ಆಫ್ ಮಾಡಿ ಅಕ್ಕಿ ಡಬ್ಬಿಯಲ್ಲಿಟ್ಟೆ. ತೇವವಿದ್ದರೆ ಎಳೆದುಕೊಳ್ಳುತ್ತದಂತೆ. ಮಧುಶ್ರೀ ಅನ್ನಕ್ಕಿಡಲು ಹೋಗಿ ಕಿರುಚಿದಳು. “ಮಾವ, ಅನ್ನಕ್ಕೆ ಹಾಕಿದ್ರೆ ನೆಟ್‌ವರ್ಕ್ ಬರುತ್ತಾ?” ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ನಾಲಿಗೆ ಇಂಜೆಕ್ಷನ್ ಥರ.

೧೨ ನವೆಂಬರ್, ಬುಧವಾರ

ಕಡೂರಿಗೆ ಹೋಗಿದ್ದೆ. ತೇಜಾನ್ ಕಂಪನಿಯ ಸರ್ವೀಸ್ ಸೆಂಟರ್ ಇರುವುದು ಅಲ್ಲಿ ಎಂದು ಡಬ್ಬದ ಮೇಲೆ ಬರೆದಿತ್ತು. ಬೀರೂರಿನಲ್ಲಿ ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋದೆ.

ಸೆಂಟರ್ ಇದ್ದ ಜಾಗದಲ್ಲಿ ಕಿತ್ತಳೆ ಗಾಜಿನ ಝೂರಿಕೊ ಷೋರೂಮು. ಒಳಗೆ ಏಸಿ, ಬಾಗಿಲಲ್ಲಿ ಬಲೂನು. ಕೌಂಟರಿನಲ್ಲಿ ಶ್ರೇಯಾ ಎಂದು ಹೆಸರು ಚುಚ್ಚಿಕೊಂಡ ಹುಡುಗಿ. ಇಂಥ ಜಾಗದಲ್ಲಿ ಇಂಗ್ಲಿಷ್ ಬೇಕಾಗುತ್ತದೆ ಎಂದು ಬಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡಿದ್ದೆ. “ಐ ಹ್ಯಾವ್ ಬೀನ್ ಕಮಿಂಗ್ ಫ್ರಂ ಅಜ್ಜಂಪುರ ಫಾರ್ ದಿ ಪರ್ಪಸ್ ಆಫ್ ಮೈ ಡಿಫೆಕ್ಟಿವ್” ಎಂದು ಶುರು ಮಾಡಿದೆ, ಮುಂದಿನದು ಮರೆತುಹೋಯಿತು.

“ತೇಜಾನಾ ಅಂಕಲ್? ಅವರು ಎತ್ಕೊಂಡು ಹೋಗಿ ಆರು ತಿಂಗಳಾಯ್ತು. ಈಗ ಶಿವಮೊಗ್ಗದಲ್ಲಿ ಮಾತ್ರ ಇದೆ ಅನ್ಸುತ್ತೆ. ಕೊಡಿ ನೋಡೋಣ” ಎಂದು ಕೈ ಚಾಚಿದಳು. ತಿರುಗಿಸಿ ನೋಡಿ, “ಪಾರ್ಟ್ಸ್ ಬರಲ್ಲ ಇದಕ್ಕೆ. ಎಕ್ಸ್‌ಚೇಂಜ್ ಮಾಡ್ಬಿಡಿ ಅಂಕಲ್, ಹೊಸ ಝೂರಿಕೊ ಬಂದಿದೆ, ಕೆಡೋದೇ ಇಲ್ಲ” ಎಂದಳು. ಬೇಡ ಎಂದೆ. ಹಿಂದಕ್ಕೆ ಕೊಡುವಾಗ ಎರಡು ಬೆರಳಲ್ಲಿ ಹಿಡಿದು ಕೊಟ್ಟಳು, ಸತ್ತ ಜಿರಲೆಯನ್ನು ಹಿಡಿಯುವ ಹಾಗೆ.

ಬರುವಾಗ ನಾನು ಬಿ.ಎ. ಓದಿದ ಕಾಲೇಜಿನ ಮುಂದೆ ಬಸ್ಸು ಹಾಯಿತು. ಅಲ್ಲಿ ಇಂಗ್ಲಿಷ್ ಲೆಕ್ಚರರ್ ಒಬ್ಬರು ಜೆಲಸಿ ಬೇರೆ, ಎನ್ವಿ ಬೇರೆ ಎಂದು ಒಂದು ಪೀರಿಯಡ್ ಪೂರ್ತಿ ಹೇಳಿದ್ದರು. ಒಂದು ಇನ್ನೊಬ್ಬನ ಹತ್ತಿರ ಇರುವುದನ್ನು ಕಂಡು ಬರುವುದು, ಇನ್ನೊಂದು ನಮ್ಮದು ಹೋದೀತೆಂದು ಬರುವುದು. ಯಾವುದು ಯಾವುದೆಂದು ಬೀರೂರಿನ ತನಕ ಯೋಚಿಸಿದೆ. ಪರೀಕ್ಷೆಗೆ ಬಂದಿರಲಿಲ್ಲ.

೧೬ ನವೆಂಬರ್, ಭಾನುವಾರ

ತರೀಕೆರೆಯಿಂದ ಶಾರದಾಂಬಾ ಮೇಡಂ ಫೋನು ಮಾಡಿದ್ದರು. ಅಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ಸೀಮೆಸುಣ್ಣ ಹಿಡಿದು ಹಿಡಿದು ಬೆರಳಿನ ಗೆರೆ ಸವೆದು ಹೆಬ್ಬೆಟ್ಟಿನ ಮಿಷನ್ನು ಅವರನ್ನು ಒಪ್ಪಿರಲಿಲ್ಲ. ಆಗ ಅವರ ಮುಖ ಹಿಡಿದುಕೊಟ್ಟಿದ್ದು ನನ್ನ ತೇಜಾನ್. ಅವತ್ತಿನಿಂದ ಪ್ರತಿ ವರ್ಷ ಬಸ್ಸು ಹತ್ತಿ ನನ್ನಲ್ಲಿಗೇ ಬರುತ್ತಾರೆ. ಮಂಗಳವಾರ ಬರುವುದಾಗಿ ಹೇಳಿ, “ಓಬಳಪ್ಪನವರೂ ಶುರುಮಾಡಿದ್ದಾರಂತಲ್ಲ?” ಎಂದರು.

“ಅವನದು ಝೂರಿಕೊ ಮೇಡಂ. ಬಿಸಿಯಾಗಿ ಸಿಡಿಯುತ್ತೆ ಅಂತಾರೆ. ಮುಖದ ಹತ್ತಿರ ಹಿಡಿಯೋದು ಅಷ್ಟು ಸೇಫ್ ಅಲ್ಲ” ಎಂದೆ. ಯಾರು ಅಂತಾರೆ ಎಂದು ಅವರು ಕೇಳಲಿಲ್ಲ, ಪುಣ್ಯ.

ಊರೆಲ್ಲ ಅವನ ಮನೆಗೆ ಹೋಗಲಿ. ಮೇಡಂ ಒಬ್ಬರದು ನನ್ನಲ್ಲಿ ಆದರೆ ಸಾಕು.

೧೮ ನವೆಂಬರ್, ಮಂಗಳವಾರ

ಮೇಡಂ ಬಂದರು. ಎಂದಿನಂತೆ ಕೋಡುಬಳೆ ಡಬ್ಬಿ. ಭುವನಾಗೆಂದು ತರುತ್ತಿದ್ದುದು. ಒಂದು ಕ್ಷಣ ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತು, ಆಮೇಲೆ ಪಟದ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟರು. “ಚೆನ್ನಾಗಿ ಬಂದಿದೆ ಫೋಟೋ. ನೋಡುತ್ತಲೇ ಇರುವ ಹಾಗಿದೆ” ಎಂದರು.

ನಾನು ಗಡ್ಡ ಬೋಳಿಸಿ ಇಸ್ತ್ರಿ ಷರಟು ಹಾಕಿದ್ದೆ. ಹಿಡಿಯುವವನು ನೀಟಾಗಿರಬೇಕು. ಕೂರಿಸಿ ಹಿಡಿದೆ. ಕೆಂಪು. ಕನ್ನಡಕ ತೆಗೆಸಿದೆ. ಕೆಂಪು. ಇಸ್ತ್ರಿ ಷರಟಿನ ತುದಿಯಲ್ಲೇ ಫೋನಿನ ಗಾಜು ಒರೆಸಿ ಮತ್ತೆ ಹಿಡಿದೆ. ಕೆಂಪು.

“ನಾನು ತೀರಿಕೊಂಡೆ ಅನ್ನುತ್ತಿದೆಯೇ ನಿಮ್ಮ ಫೋನು?” ಎಂದರು ಮೇಡಂ. ತಮಾಷೆಗೇ ಅಂದದ್ದು. ಈ ಮನೆಯಲ್ಲಿ ಆ ಮಾತು ನನಗೆ ಎಲ್ಲೋ ತಾಗಿತು. ಆಮೇಲೆ ಅವರು ಗಡಿಯಾರ ನೋಡಿ, ಮೆಲ್ಲಗೆ, “ತಿಮ್ಮರಾಯಪ್ಪನವರೇ, ಬೇಜಾರು ಮಾಡಿಕೊಳ್ಳಬೇಡಿ. ಓಬಳಪ್ಪನವರ ಮನೆ ತೋರಿಸಿ” ಎಂದರು.

ನಾನೇ ಕರೆದುಕೊಂಡು ಹೋದೆ. ಜೊತೆಗೆ ನಡೆಯುತ್ತ ಎದುರು ಸಿಕ್ಕವರಿಗೆಲ್ಲ ನಮಸ್ಕಾರ ಮಾಡಿದೆ. ಸೋತವನ ಮೆರವಣಿಗೆ.

ಓಬಳಪ್ಪ ಫೋನು ಮುಖಕ್ಕೆ ಹಿಡಿದಾಗ ಮೇಡಂ ಹಿಂದಕ್ಕೆ ಸರಿದು, “ಇದು ಸಿಡಿಯುತ್ತದಂತಲ್ಲ, ಸ್ವಲ್ಪ ದೂರ ಹಿಡಿಯಿರಿ” ಎಂದುಬಿಟ್ಟರು. ಓಬಳಪ್ಪ ನನ್ನ ಕಡೆ ನೋಡಿದ. ನಾನು ಅವರ ಮನೆಯ ಜಂತೆ ನೋಡಿದೆ.

“ಸಿಡಿಯೋದು ಇದಲ್ಲ ಮೇಡಂ, ಇವ್ಳು” ಎಂದು ಹೆಂಡತಿಯನ್ನು ತೋರಿಸಿದ. ಹುಲಿಗೆಮ್ಮ ಪಂಚೆ ಹಿಡಿದು ಹಿಂದೆ ನಿಂತಿದ್ದರು. “ಮೇಲಕ್ಕೆ ಹಿಡಿಯೇ, ನಿದ್ದೆ ಮಾಡ್ತಿದ್ದೀಯಾ” ಎಂದ. “ಬೆಳಗ್ಗಿಂದ ಕೈ ಸೋತೋದ್ವು ಕಣ್ರೀ. ನೀವೇ ಹಿಡ್ಕಳಿ ಬನ್ನಿ, ನಾನು ಫೋನ್ ಹಿಡೀತೀನಿ. ಅದ್ರಲ್ಲಿ ಏನು ಮಹಾ ಐತೆ” ಎಂದರು ಅವರು. “ನೀನು ಹಿಡಿದ್ರೆ ನಿನ್ ಅಕ್ಕನ ಮಗ್ಳ ಮದ್ವೆ ಫೋಟೋ ಥರ ತಲೇನೇ ಬರಲ್ಲ.” “ತಲೆ ಇದ್ದೋರ್ದು ಬರ್ತದೆ ಬಿಡ್ರಿ.” ಹೀಗೇ ಹೇಳಿಕೊಳ್ಳುತ್ತಿದ್ದರು. ಪಂಚೆಯ ಮೇಲಿನ ಅಂಚಿನಿಂದ ಹುಲಿಗೆಮ್ಮನ ಬೆರಳುಗಳು ಮಾತ್ರ ಕಾಣುತ್ತಿದ್ದವು, ಅರಿಶಿನ ಹತ್ತಿದ ಉಗುರು. ಮಾತಿನ ನಡುವೆ ಒಮ್ಮೆ ಅವನೇ ಹೋಗಿ ಒಂದು ತುದಿ ಹಿಡಿದುಕೊಂಡ, ಅವರ ಕೈಗೆ ಸ್ವಲ್ಪ ಬಿಡುವಾಗಲಿ ಎಂದು.

ಹಸಿರು ಬಂತಂತೆ. ಮೇಡಂ ಬಸ್ಸಿಗೆ ಹೋದರು. ಎಷ್ಟು ಸಲ ಹಿಡಿದ, ಬಿಸಿಯಾಯಿತೋ ಇಲ್ಲವೋ, ಎಲ್ಲ ನೋಡಿಕೊಂಡು ಬಂದು ಇಲ್ಲಿ ಬರೆಯಬೇಕು ಎಂದುಕೊಂಡಿದ್ದೆ. ಫೋನನ್ನು ಸರಿಯಾಗಿ ನೋಡಲೇ ಇಲ್ಲ.

೧೯ ನವೆಂಬರ್, ಬುಧವಾರ

ಬೆಂಚಿಗೆ ಹೋಗಲಿಲ್ಲ. ಕೋಡುಬಳೆ ಮೆತ್ತಗಾಗಿದೆ.

೨೫ ನವೆಂಬರ್, ಮಂಗಳವಾರ

ನನ್ನದೇ ಸರ್ಟಿಫಿಕೇಟು ಆಗಿಲ್ಲ. ದಿನಾ ಕೂತು ಹಿಡಿದುಕೊಳ್ಳುತ್ತೇನೆ, ದಿನಾ ಕೆಂಪು. ಮಧುಶ್ರೀ ತನ್ನ ಫೋನಿನಲ್ಲಿ ಮಾಡುತ್ತೇನೆ ಎಂದಳು. ಬೇಡ ಎಂದೆ.

“ಯಾಕೆ ಮಾವ?”

“ತೇಜಾನಲ್ಲೇ ಆಗ್ಬೇಕು.”

“ಅದು ಆಗಲ್ಲ ಅಂತಿದ್ಯಲ್ಲ.”

“ಆಗುತ್ತೆ.”

“ಅತ್ತೆ ಇದ್ದಿದ್ರೆ ಕಿವಿ ಹಿಂಡಿ ಮಾಡಿಸ್ತಿದ್ರು” ಎಂದು ಆಸ್ಪತ್ರೆಗೆ ಹೊರಟಳು. ಅವಳಿದ್ದಿದ್ದರೆ ಆಗಿಯೇ ಇರುತ್ತಿತ್ತು ಎಂದುಕೊಂಡೆ. ಯಾಕೆ ಹಾಗಂದುಕೊಂಡೆನೋ. ಅವಳಿಗೆ ಫೋನ್ ಆನ್ ಮಾಡಲೂ ಬರುತ್ತಿರಲಿಲ್ಲ.

ತಿಂಗಳು ಮುಗಿದರೆ ಕಾಗದದ ಪ್ರಕಾರ ನಾನು ಇಲ್ಲ. ಹಾಗೆ ಆದರೂ ಓಬಳಪ್ಪನ ಫೋನಿನಿಂದ ಬದುಕುವುದಿಲ್ಲ. ಇದು ಫೈನಲ್.

೨೯ ನವೆಂಬರ್, ಶನಿವಾರ

ಬೆಳಿಗ್ಗೆ ಓಬಳಪ್ಪ ಬಂದ, ಹಿಂದೆ ಹುಲಿಗೆಮ್ಮ. ಮಧುಶ್ರೀಯ ಕೆಲಸ, ಬೇರೆ ಯಾರದಲ್ಲ.

“ನೀನು ಇದ್ದೀಯೋ ಇಲ್ವೋ ಅಂತ ಸರ್ಕಾರಕ್ಕೆ ಡೌಟಂತೆ. ನೋಡ್ಕೊಂಡು ಹೋಗಾನ ಅಂತ ಬಂದ್ವಿ” ಎಂದ.

ತೇಜಾನಲ್ಲಿ ಮಾಡಿಕೊಳ್ಳುತ್ತೇನೆ ಎಂದೆ. ಮಾಡ್ಕೋ, ನಾನೂ ನೋಡ್ತೀನಿ ಎಂದ. ಕುರ್ಚಿಯಲ್ಲಿ ಕೂತೆ, ಹಿಡಿದೆ, ಕೆಂಪು. ಅವನು ಬಗ್ಗಿ ನೋಡಿ, “ಕೆಳಗೆಲ್ಲ ಕಪ್ಪಗೈತಲ್ಲೋ. ಅಲ್ಲಿ ಏನಾರ ಬರ್ದಿದ್ರೆ ನಿಂಗೆಂಗೆ ಕಾಣ್ಬೇಕು?” ಎಂದ. ಇಷ್ಟು ದಿನ ಮುಚ್ಚಿಟ್ಟಿದ್ದು ಒಂದು ನಿಮಿಷದಲ್ಲಿ ಬಯಲಾಯಿತು. ಅವನು ನಗಲಿಲ್ಲ. ಜೇಬಿನಿಂದ ಝೂರಿಕೊ ತೆಗೆದು ನನ್ನ ಮುಖಕ್ಕೆ ಹಿಡಿದ.

ಕೆಂಪು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಆ ಕ್ಷಣ ನನಗೆ ಬಹಳ ಸಂತೋಷವಾಯಿತು. ನಾಳೆಯಿಂದ ಪೆನ್ಷನ್ ಇಲ್ಲದಿದ್ದರೂ ಪರವಾಗಿಲ್ಲ ಎನ್ನುವಷ್ಟು.

ಓಬಳಪ್ಪ ಕನ್ನಡಕ ಏರಿಸಿ ಅದರ ಕೆಳಗಿನ ಸಾಲು ಓದಿದ. “ಒಂದಕ್ಕಿಂತ ಹೆಚ್ಚು ಮುಖಗಳು ಕಾಣುತ್ತಿವೆ. ದಯವಿಟ್ಟು ಒಬ್ಬರೇ ಇರಿ.” ಸುತ್ತ ನೋಡಿದ. “ಲೇ, ನೀನು ಅಡ್ಡ ಬಂದ್ಯೇನೇ? ಆಚೆ ನಿಂತ್ಕೋ” ಎಂದ. ಹುಲಿಗೆಮ್ಮ ಜಗುಲಿಗೆ ಹೋದರು. ಮತ್ತೆ ಹಿಡಿದ. ಅದೇ ಕೆಂಪು, ಅದೇ ಸಾಲು.

ಬಾಗಿಲಿನಿಂದ ಹುಲಿಗೆಮ್ಮ ಮೆಲ್ಲಗೆ ಹೇಳಿದರು. “ರೀ. ಭುವನಕ್ಕ ಇದಾರಲ್ಲ ಅಲ್ಲಿ.”

ನಾನು ತಿರುಗಿದೆ. ನನ್ನ ತಲೆಯ ಮೇಲೆ, ಭುಜದಿಂದ ಸ್ವಲ್ಪ ಆಚೆಗೆ, ಅವಳು. ಒರೆಸಿ ಒರೆಸಿ ಗಾಜು ಕನ್ನಡಿಯ ಹಾಗಿತ್ತು. ಈರಪ್ಪನ ಮೀಸೆಯ ಹಿಂದೆ, ಮೇಡಂ ಅವರ ಕನ್ನಡಕದ ಹಿಂದೆ, ದಿನಾ ನನ್ನ ಹಿಂದೆ.

ಓಬಳಪ್ಪ ಫೋನು ಕೆಳಗಿಳಿಸಿ, “ಪಟ ಇಳಿಸ್ಲೇನೋ?” ಎಂದ.

“ಬೇಡ.”

“ಮತ್ತೆ ಕುರ್ಚಿ ಎಳ್ಕೋ ಆ ಕಡೆ.”

“ಅಲ್ಲಿ ಟವರ್ ಸಿಗಲ್ಲ.”

ಹುಲಿಗೆಮ್ಮ ಹಿತ್ತಿಲಿಗೆ ಹೋಗಿ ತಂತಿಯ ಮೇಲಿದ್ದ ನನ್ನ ಪಂಚೆ ತಂದರು. ಸ್ಟೂಲು ಹಾಕಿ ಹತ್ತಿದರು. ಅಗಲಿಸುವ ಮೊದಲು ಪಟಕ್ಕೆ ಹೇಳಿದರು, “ಒಂದ್ಗಳಿಗೆ ಕಣಕ್ಕ. ಇವ್ರದ್ದೊಂದು ಆಗೋಗ್ಲಿ.”

ಪಂಚೆ ನನ್ನ ಬೆನ್ನಿಗೆ ತಾಗುತ್ತಿತ್ತು. ಬಿಸಿಲಿನ ವಾಸನೆ. ಆ ಎಣ್ಣೆಕಲೆಯ ಗೋಡೆಯ ಮೇಲೆ ಆಗ ದೇವರ ಕ್ಯಾಲೆಂಡರುಗಳು ಸಾಲಾಗಿದ್ದವು, ಲಕ್ಷ್ಮಿ, ಶಾರದೆ, ಸಿದ್ಧರಾಮೇಶ್ವರ, ಎಲ್ಲ ಮುಖಗಳೂ. ಅವನ್ನೂ ಸೇರಿಸಿಯೇ ಅವಳು ಮುಚ್ಚುತ್ತಿದ್ದಳು. ತಿಳಿದು ಮುಚ್ಚುತ್ತಿದ್ದಳೋ, ನಾಚಿಕೆಗೇ ಮುಚ್ಚುತ್ತಿದ್ದಳೋ. ನಾನು ಕೇಳಿರಲಿಲ್ಲ.

“ಕಣ್ಣು ಮಿಟುಕಿಸೋ. ಮಿಟುಕಿಸು ಅಂದ್ರೆ ಮುಚ್ಕೊಂಡು ಕೂತ್ಕೊಳ್ಳೋದಲ್ಲ. ಸ್ವಲ್ಪ ಒರೆಸ್ಕೋ, ನೀರು ತುಂಬ್ಕೊಂಡ್ರೆ ಹಿಡಿಯಲ್ಲ ಇದು” ಎಂದ ಓಬಳಪ್ಪ. ಒರೆಸಿಕೊಂಡೆ. ಮಿಟುಕಿಸಿದೆ.

“ಹೂಂ. ಬದುಕಿದ್ದೀಯ” ಎಂದ.

ಕಾಫಿ ನಾನೇ ಮಾಡಿದೆ. ಸಕ್ಕರೆ ಜಾಸ್ತಿಯಾಯಿತೆಂದು ಹುಲಿಗೆಮ್ಮ ಅಂದರು, ಎರಡನೇ ಲೋಟವನ್ನೂ ಕುಡಿದರು. ಹೋಗುವಾಗ ಓಬಳಪ್ಪ ಬಾಗಿಲಲ್ಲಿ ನಿಂತು, “ಸಂಜೆ ಬೆಂಚಿಗೆ ಬಾರೋ. ಸಿಡಿಯೋ ಫೋನಿನ ವಿಷ್ಯ ಅಲ್ಲಿ ವಿಚಾರಣೆ ಐತೆ” ಎಂದ. ಹೋಗಿದ್ದೆ. ವಿಚಾರಣೆ ನಡೆಯಿತು. ದಂಡ ಎಲ್ಲರಿಗೂ ಮಂಡಕ್ಕಿ.

ಬೆಂಚಿನಿಂದ ಬಂದವನು ದೀಪ ಹಾಕಿ ತೇಜಾನ್ ಹಿಡಿದು ಅದೇ ಕುರ್ಚಿಯಲ್ಲಿ ಕೂತೆ. ಸರ್ಟಿಫಿಕೇಟಿನ ಆ್ಯಪಲ್ಲ, ಬರೀ ಕ್ಯಾಮರಾ ತೆರೆದೆ. ನನ್ನ ಮುಖದ ಸುತ್ತ ಒಂದು ಹಳದಿ ಚೌಕ ಬಂತು. ಅದರ ಮೇಲೆ ಅವಳ ಮುಖದ ಸುತ್ತ ಇನ್ನೊಂದು, ಚಿಕ್ಕದು. ನಾನು ಅಲುಗಾಡಿದರೆ ನನ್ನ ಚೌಕ ತಪ್ಪಿ ತಪ್ಪಿ ಹುಡುಕುತ್ತದೆ. ಅವಳದು ಕದಲುವುದಿಲ್ಲ. ಮಧುಶ್ರೀ ಊಟಕ್ಕೆ ಕರೆಯುವ ತನಕ ಹಾಗೇ ಹಿಡಿದುಕೊಂಡಿದ್ದೆ.

ಒಂದು ವಿಷಯ ಬರೆದಿಡಬೇಕು, ನಾಳೆ ಬೆಂಚಿನಲ್ಲಿ ಹೇಳಲು. ಓಬಳಪ್ಪನ ಝೂರಿಕೊ ಅವಳನ್ನು ಗುರುತು ಹಿಡಿದದ್ದು ಇವತ್ತು. ನನ್ನ ತೇಜಾನ್ ತಿಂಗಳ ಮೊದಲ ವಾರದಲ್ಲೇ ಹಿಡಿದಿತ್ತು.